ಟೋನ್ ನಾಬ್ ಯಾವಾಗಲೂ 10ರಲ್ಲೇ ಯಾಕೆ? ಎಲೆಕ್ಟ್ರಿಕ್ ಗಿಟಾರ್‌ನ ಟೋನ್ ಮತ್ತು ಬ್ಲೆಂಡ್ ಗುಟ್ಟು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಶುರು ಮಾಡೋ ಮೊದಲು ಒಂದು ವಿನಂತಿ: ಇವತ್ತು ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಗಿಟಾರ್‌ನ ಅತಿ ದಪ್ಪ ತಂತಿಯನ್ನು ಸುಮ್ಮನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತೆ. ಅಷ್ಟು ಕೆಳಗಿನ ಶಬ್ದವನ್ನು ಸರಿಯಾಗಿ ನುಡಿಸೋ ತಾಕತ್ತು ಫೋನಿನ ಪುಟ್ಟ ಸ್ಪೀಕರ್‌ಗೆ ಇಲ್ಲ. ನಾನು ಇಲ್ಲಿ ತೋರಿಸೋ ವ್ಯತ್ಯಾಸಗಳಲ್ಲಿ ಅರ್ಧದಷ್ಟು ನಿಮಗೆ ಕೇಳಿಸೋದೇ ಇಲ್ಲ.

ನನಗೆ ಮತ್ತೆ ಮತ್ತೆ ಬರೋ ಒಂದು ಪ್ರಶ್ನೆ ಇದೆ. "ಅಣ್ಣಾ, ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಒಂದು ಕಡೆ ಸ್ವಿಚ್ ಹಾಕಿದ್ರೆ ಶಬ್ದ ಕಿವಿಗೆ ಚುಚ್ಚುತ್ತೆ, ಇನ್ನೊಂದು ಕಡೆ ಹಾಕಿದ್ರೆ ಕಂಬಳಿ ಹೊದ್ದು ಮಾತಾಡಿದ ಹಾಗಿರುತ್ತೆ. ಪಿಕಪ್ ಬದಲಿಸಲಾ? ಪೆಡಲ್ ತಗೊಳ್ಳಲಾ? ಇಲ್ಲಾ ಗಿಟಾರೇ ಸರಿ ಇಲ್ವಾ?" ಕೊನೆಗೆ ಮೆಲ್ಲಗೆ ಇನ್ನೊಂದು ಮಾತು ಬರುತ್ತೆ: "ಬಹುಶಃ ನನಗೇ ನುಡಿಸೋಕೆ ಬರಲ್ಲ ಅನ್ಸುತ್ತೆ."

ಆಗ ನಾನು ಕೇಳೋದು ಒಂದೇ. ನಿನ್ನ ಟೋನ್ ನಾಬ್ ಎಷ್ಟರಲ್ಲಿದೆ? ಹೆಚ್ಚಿನವರ ಉತ್ತರ, "10ರಲ್ಲಿ. ತಂದ ದಿನದಿಂದ ಮುಟ್ಟೇ ಇಲ್ಲ."

ಹಾಗಾಗಿ ಇವತ್ತಿನ ಸಂಚಿಕೆ ಆ ನಾಬ್ ಬಗ್ಗೆ. ಅದರ ಜೊತೆಗೆ ಕೆಲವು ಗಿಟಾರ್‌ಗಳಲ್ಲಿ ಇರುವ, ಹಲವು ಗಿಟಾರ್‌ಗಳಲ್ಲಿ ಬೇರೆ ವೇಷದಲ್ಲಿ ಇರುವ ಬ್ಲೆಂಡ್ ಬಗ್ಗೆ. ಒಂದು ರೂಪಾಯಿ ಖರ್ಚು ಮಾಡೋ ಮೊದಲು ಇವೆರಡನ್ನೂ ಅರ್ಥ ಮಾಡ್ಕೊಳ್ಳಿ. ಆಮೇಲೂ ಪೆಡಲ್ ಬೇಕು ಅನಿಸಿದರೆ ಖಂಡಿತ ತಗೊಳ್ಳಿ. ಆಗ ಯಾವ ಪೆಡಲ್ ಬೇಕು ಅನ್ನೋದಾದ್ರೂ ಗೊತ್ತಿರುತ್ತೆ.

ಒಂದೇ ತಂತಿ, ಎರಡು ಶಬ್ದ

ಮೊದಲು ಶಬ್ದ ಹುಟ್ಟೋ ಜಾಗಕ್ಕೆ ಹೋಗೋಣ. ತಂತಿಗಳ ಕೆಳಗೆ ಕಾಣುವ ಆ ಪಟ್ಟಿಗಳೇ ಪಿಕಪ್. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಾಡಿದಾಗ ಕಾಂತಕ್ಷೇತ್ರ ಕದಡುತ್ತೆ, ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತೆ. ಅದು ವಾಲ್ಯೂಮ್ ಮತ್ತು ಟೋನ್ ನಾಬ್ ದಾಟಿ, ಕೇಬಲ್ ಮೂಲಕ ಆ್ಯಂಪ್ ಸೇರುತ್ತೆ.

ಸಾಮಾನ್ಯವಾಗಿ ಗಿಟಾರ್‌ನಲ್ಲಿ ಎರಡು ಅಥವಾ ಮೂರು ಪಿಕಪ್ ಇರುತ್ತವೆ. ಒಂದು ಬ್ರಿಡ್ಜ್ ಪಕ್ಕದಲ್ಲಿ. ಬ್ರಿಡ್ಜ್ ಅಂದ್ರೆ ವೀಣೆ, ತಂಬೂರಿಯಲ್ಲಿ ನಾವು ಕುದುರೆ ಅಂತೀವಲ್ಲ, ಅದು. ಇನ್ನೊಂದು ನೆಕ್ ಪಕ್ಕದಲ್ಲಿ, ಅಂದ್ರೆ ಕತ್ತಿನ ಬುಡದಲ್ಲಿ.

ಎರಡೂ ಒಂದೇ ತಂತಿಯನ್ನು ಕೇಳಿಸಿಕೊಳ್ತಿದ್ರೂ ಶಬ್ದ ಯಾಕೆ ಬೇರೆ? ಹಗ್ಗದಾಟ ನೆನಪಿಸಿಕೊಳ್ಳಿ. ಇಬ್ಬರು ಹಗ್ಗ ಬೀಸ್ತಿದ್ರೆ ನಡುವೆ ಅದು ದೊಡ್ಡದಾಗಿ ಸುತ್ತುತ್ತೆ, ಕೈ ಹತ್ತಿರ ಅಲುಗೋದೇ ಕಡಿಮೆ. ತಂತಿಯೂ ಹಾಗೇ. ಬ್ರಿಡ್ಜ್ ಹತ್ತಿರ ಮೂಲ ಸ್ವರದ ದೊಡ್ಡ ಅಲುಗಾಟ ಕಮ್ಮಿ; ಹೋಲಿಸಿದರೆ ಸಣ್ಣ ಸಣ್ಣ ಮೇಲಿನ ಕಂಪನಗಳದ್ದೇ ಪಾಲು ಜಾಸ್ತಿ. ಅದಕ್ಕೇ ಬ್ರಿಡ್ಜ್ ಪಿಕಪ್ ಶಬ್ದ ತೆಳು, ಚೂಪು, ಸ್ಪಷ್ಟ. ನೆಕ್ ಹತ್ತಿರ ಮೂಲ ಸ್ವರ ತುಂಬಿ ಬರುತ್ತೆ. ಅದಕ್ಕೇ ಅಲ್ಲಿ ಶಬ್ದ ದುಂಡಗೆ, ದಪ್ಪಗೆ.

[ಗಿಟಾರ್: ಒಂದೇ ಸಾಲು, ಮೊದಲು ಬ್ರಿಡ್ಜ್ ಪಿಕಪ್, ಆಮೇಲೆ ನೆಕ್ ಪಿಕಪ್]

ಕೇಳಿಸಿತಲ್ವಾ? "ಚುಚ್ಚುತ್ತೆ" ಮತ್ತು "ಕಂಬಳಿ ಹೊದ್ದ ಹಾಗೆ" ಅಂದವರ ಕಿವಿ ಸರಿಯಾಗೇ ಇದೆ. ಅವರು ಎರಡು ತುದಿಗಳನ್ನು ಮಾತ್ರ ಕೇಳಿದ್ದಾರೆ, ಅಷ್ಟೇ. ನಡುವೆ ದೊಡ್ಡ ಬಯಲಿದೆ.

ಟೋನ್ ನಾಬ್ ಏನು ಮಾಡುತ್ತೆ?

ಮನೆಯ ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬಂದು "ಕಂಡೆನ್ಸರ್ ಹೋಗಿದೆ" ಅಂತಾರಲ್ಲ? ಅದೇ ಕೆಪಾಸಿಟರ್. ನಿಮ್ಮ ಟೋನ್ ನಾಬ್‌ಗೆ ಅಂಟಿಕೊಂಡೂ ಅಂಥದ್ದೊಂದು ಇದೆ, ಆದ್ರೆ ತುಂಬಾ ಚಿಕ್ಕದು. ಫ್ಯಾನಿನದ್ದು ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಆಸುಪಾಸು ಇದ್ದರೆ, ಗಿಟಾರ್‌ನದ್ದು 0.022 ಅಥವಾ 0.047. ಅಂದ್ರೆ ಹೆಚ್ಚುಕಮ್ಮಿ ನೂರರಲ್ಲಿ ಒಂದೆರಡು ಪಾಲು.

ಕೆಪಾಸಿಟರ್‌ನ ಸ್ವಭಾವ ಏನಂದ್ರೆ, ವೇಗದ ಕಂಪನಗಳನ್ನು, ಅಂದ್ರೆ ಟ್ರೆಬಲ್ ಅನ್ನು, ಸುಲಭವಾಗಿ ದಾಟಿಸುತ್ತೆ. ನಿಧಾನದ ಕಂಪನಗಳನ್ನು ತಡೆಯುತ್ತೆ. ಗಿಟಾರ್‌ನಲ್ಲಿ ಅದರ ಇನ್ನೊಂದು ತುದಿಯನ್ನು ಗ್ರೌಂಡ್‌ಗೆ ಕಟ್ಟಿರ್ತಾರೆ. ಹಾಗಾಗಿ ಅದನ್ನು ದಾಟಿದ ಟ್ರೆಬಲ್ ಆ್ಯಂಪ್ ತಲುಪೋದೇ ಇಲ್ಲ, ಚರಂಡಿಗೆ ಹೋದ ಹಾಗೆ. ಟೋನ್ ನಾಬ್ ಆ ಚರಂಡಿಯ ಬಾಗಿಲು. 10ರಲ್ಲಿ ಬಾಗಿಲು ಬಹುತೇಕ ಮುಚ್ಚಿರುತ್ತೆ. 0ಯಲ್ಲಿ ಪೂರ್ತಿ ತೆರೆದಿರುತ್ತೆ.

ಇದರಿಂದ ಒಂದು ಮುಖ್ಯ ಮಾತು ಸಿಗುತ್ತೆ. ಬ್ಯಾಟರಿ ಇಲ್ಲದ ಮಾಮೂಲಿ ಗಿಟಾರ್‌ನಲ್ಲಿ ಟೋನ್ ನಾಬ್ ಏನನ್ನೂ ಸೇರಿಸಲ್ಲ. ಅದಕ್ಕೆ ಗೊತ್ತಿರೋದು ಸೋಸೋದು ಮಾತ್ರ. 10 ಅಂದ್ರೆ "ಸರಿಯಾದ ಜಾಗ" ಅಂತಲ್ಲ, "ಏನನ್ನೂ ಸೋಸಬೇಡ" ಅಂತ.

ಇನ್ನು ಚುಚ್ಚೋದು ಯಾಕೆ ಅನ್ನೋದಕ್ಕೆ ಬರೋಣ. ಪಿಕಪ್‌ನ ಸುರುಳಿ ಮತ್ತು ನಿಮ್ಮ ಕೇಬಲ್ ಎರಡೂ ಸೇರಿ ಒಂದು ನಿರ್ದಿಷ್ಟ ಜಾಗದಲ್ಲಿ ಶಬ್ದವನ್ನು ಎತ್ತಿ ಹಿಡಿಯುತ್ತವೆ. ಸಾಮಾನ್ಯವಾಗಿ ಅದು 2,000ದಿಂದ 5,000 ಹರ್ಟ್ಜ್ ನಡುವೆ ಬರುತ್ತೆ. ಮನುಷ್ಯನ ಕಿವಿ ಅತಿ ಹೆಚ್ಚು ಸೂಕ್ಷ್ಮವಾಗಿರೋದೂ ಸುಮಾರು ಅದೇ ಜಾಗದಲ್ಲಿ. ಮಗು ಅತ್ತರೆ ನಾವು ತಟ್ಟನೆ ತಿರುಗಿ ನೋಡ್ತೀವಲ್ಲ, ಆ ಕಿವಿಗೆ ಈ ಗುಬ್ಬು ನೇರವಾಗಿ ಬಂದು ತಾಕುತ್ತೆ.

ಟೋನ್ ನಾಬ್ ಅನ್ನು 10ರಿಂದ ಸ್ವಲ್ಪ ಇಳಿಸಿದಾಗ ಮೊದಲು ಆಗೋದು ಏನು ಅಂದ್ರೆ, ಈ ಗುಬ್ಬು ತಗ್ಗುತ್ತೆ. ಶಬ್ದ ಮಂಕಾಗಲ್ಲ, ಮೊನೆ ಮಾತ್ರ ಹೋಗುತ್ತೆ. ಎಷ್ಟು ತಿರುಗಿಸಿದ್ರೆ ಅಂತ ಒಂದೇ ಸಂಖ್ಯೆ ಹೇಳೋಕಾಗಲ್ಲ, ಯಾಕಂದ್ರೆ ಒಳಗಿನ ಪಾಟ್ ಮೇಲೆ ಅದು ನಿಂತಿದೆ. ಪಾಟ್ ಅಂದ್ರೆ ನಾಬ್ ಕೆಳಗಿರೋ ತಿರುಗುವ ರೆಸಿಸ್ಟರ್. ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ ಸಾಮಾನ್ಯವಾಗಿ 250 ಕಿಲೋಓಮ್, ಹಂಬಕರ್‌ಗಳಿಗೆ 500 ಕಿಲೋಓಮ್ ಹಾಕ್ತಾರೆ. ಕೆಲವು ಪಾಟ್‌ಗಳಲ್ಲಿ ಬದಲಾವಣೆ ಹಂತ ಹಂತವಾಗಿ ಕೇಳಿಸುತ್ತೆ. ಇನ್ನು ಕೆಲವುದರಲ್ಲಿ 10ರಿಂದ 3ರವರೆಗೆ ಏನೂ ಆಗದ ಹಾಗಿದ್ದು, ಆಮೇಲೆ ಒಮ್ಮೆಲೇ ಕತ್ತಲಾಗುತ್ತೆ. ಅಂಥ ಗಿಟಾರ್ ಇದ್ದವರು "ಟೋನ್ ನಾಬ್ ಕೆಲಸ ಮಾಡಲ್ಲ" ಅಂತ ಬಿಟ್ಟುಬಿಡ್ತಾರೆ. ಬಿಡಬೇಡಿ. 3ರಿಂದ 0ವರೆಗೆ ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸಿ ನೋಡಿ.

0ಯೂ ಒಂದು ಜಾಗವೇ

ಪೂರ್ತಿ 0ಗೆ ಇಳಿಸಿದಾಗ ಇನ್ನೊಂದು ಸೋಜಿಗ ನಡೆಯುತ್ತೆ. ಟ್ರೆಬಲ್ ಹೋಗುತ್ತೆ ಅನ್ನೋದು ನಿಜ. ಆದ್ರೆ ಆ ಕೆಪಾಸಿಟರ್ ಈಗ ಪಿಕಪ್‌ನ ಸುರುಳಿಯ ಜೊತೆ ನೇರವಾಗಿ ಸೇರಿ, ಕೆಳಗೆ ಒಂದು ಹೊಸ ಗುಬ್ಬು ಹುಟ್ಟಿಸುತ್ತೆ. ಮಾಮೂಲಿ ಬೆಲೆಗಳಿಗೆ ಲೆಕ್ಕ ಹಾಕಿದ್ರೆ ಅದು 500 ಹರ್ಟ್ಜ್ ಆಸುಪಾಸಿಗೆ ಬರುತ್ತೆ. ಜೋರಾಗಿ ಒಡೆಯುತ್ತಿರುವ ಆ್ಯಂಪ್‌ಗೆ ಈ ಶಬ್ದ ಕೊಟ್ಟರೆ ಗಿಟಾರ್ ಕೊಳಲಿನ ಹಾಗೆ, ಮನುಷ್ಯರ ಗಂಟಲಿನ ಹಾಗೆ ಹಾಡೋಕೆ ಶುರು ಮಾಡುತ್ತೆ.

ಕ್ರೀಮ್ ಬ್ಯಾಂಡಿನ ದಿನಗಳಲ್ಲಿ ಎರಿಕ್ ಕ್ಲಾಪ್ಟನ್ ಇದನ್ನು ಬಳಸಿ ಹೆಸರು ಮಾಡಿದರು. ಅದಕ್ಕೆ "ವುಮನ್ ಟೋನ್" ಅಂತಲೇ ಹೆಸರು ಬಂತು. 1967ರ ಅವರ ಆಲ್ಬಂ "ಡಿಸ್‌ರೇಲಿ ಗಿಯರ್ಸ್"ನಲ್ಲಿರೋ "ಸನ್‌ಶೈನ್ ಆಫ್ ಯುವರ್ ಲವ್" ಹಾಡಿನ ಸೋಲೋ ಒಮ್ಮೆ ಹಾಕಿ ಕೇಳಿ. ಟೋನ್ ಇಳಿಸಿದ್ರೆ ಶಬ್ದ ಸತ್ತುಹೋಗುತ್ತೆ ಅಂತ ಆಮೇಲೆ ನೀವು ಹೇಳಲ್ಲ.

ಇನ್ನೊಬ್ಬರು ರಾಯ್ ಬುಕಾನನ್, ಅಮೆರಿಕದ ಟೆಲಿಕಾಸ್ಟರ್ ವಾದಕ. ಸ್ವರ ಮೀಟಿ, ಅದು ನಿಂತಿರುವಾಗಲೇ ಕಿರುಬೆರಳಲ್ಲಿ ಟೋನ್ ನಾಬ್ ತಿರುಗಿಸೋರು. "ವಾ" ಪೆಡಲ್ ತುಳಿದ ಹಾಗೆ ಗಿಟಾರ್ ಅಳೋದು. ಪೆಡಲ್ ಅವರ ಕೈಯಲ್ಲೇ ಇತ್ತು.

ಕೆಪಾಸಿಟರ್ ಬದಲಿಸಬೇಕಾ ಅಂತ ಕೆಲವರು ಕೇಳ್ತೀರಿ. ಅದರ ಬೆಲೆಗಿಂತ ಅಳತೆ ಮುಖ್ಯ. ಅಳತೆ ದೊಡ್ಡದಾದಷ್ಟೂ ನಾಬ್ ಇಳಿಸಿದಾಗ ಶಬ್ದ ಹೆಚ್ಚು ಗಾಢ. 0 ಹತ್ತಿರ ನಿಮಗೆ ತೀರಾ ಕೆಸರು ಅನಿಸ್ತಿದ್ರೆ 0.047 ತೆಗೆದು 0.022 ಹಾಕಿಸಬಹುದು. 10ರಲ್ಲೇ ಇಟ್ಟು ನುಡಿಸೋರಿಗೆ ಇದರಿಂದ ವ್ಯತ್ಯಾಸ ಕೇಳಿಸೋದೇ ಕಷ್ಟ. ಅಳತೆ ಒಂದೇ ಇರುವಾಗ ದುಬಾರಿ ಕೆಪಾಸಿಟರ್‌ಗೆ ದುಡ್ಡು ಸುರಿಯೋ ಅಗತ್ಯ ನನಗಂತೂ ಕಂಡಿಲ್ಲ.

ಬ್ಲೆಂಡ್: ಲಿಯೋ ಫೆಂಡರ್ ಕೊಟ್ಟು ತೆಗೆದ ನಾಬ್

ಈಗ ಎರಡನೇ ವಿಷಯ. ಟೋನ್ ಒಂದು ಪಿಕಪ್‌ನ ಶಬ್ದವನ್ನು ಸೋಸುತ್ತೆ. ಬ್ಲೆಂಡ್ ಎರಡು ಪಿಕಪ್‌ಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುತ್ತೆ.

ಇದಕ್ಕೆ ಒಳ್ಳೆ ಕಥೆ ಇದೆ. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ ಲಿಯೋ ಫೆಂಡರ್ 1950ರಲ್ಲಿ ಎರಡು ಪಿಕಪ್‌ಗಳ ಬ್ರಾಡ್‌ಕಾಸ್ಟರ್ ಗಿಟಾರ್ ಮಾರುಕಟ್ಟೆಗೆ ತಂದರು. ಗ್ರೆಚ್ ಕಂಪನಿ ಅದೇ ಉಚ್ಚಾರಣೆಯ ಹೆಸರನ್ನು ತನ್ನ ಡ್ರಮ್‌ಗಳಿಗೆ ಮೊದಲೇ ಬಳಸ್ತಿತ್ತು. ಅದು ಆಕ್ಷೇಪ ಎತ್ತಿದ್ದರಿಂದ 1951ರಲ್ಲಿ ಈ ಗಿಟಾರ್‌ಗೆ ಟೆಲಿಕಾಸ್ಟರ್ ಅಂತ ಹೆಸರು ಬದಲಾಯ್ತು. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಅದೇ ಟೆಲಿಕಾಸ್ಟರ್.

ಆ ಮೊದಲ ಗಿಟಾರ್‌ಗಳಲ್ಲಿ ಎರಡು ನಾಬ್ ಇದ್ದವು. ಒಂದು ವಾಲ್ಯೂಮ್. ಎರಡನೆಯದು ಟೋನ್ ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಅದು ಬ್ಲೆಂಡ್. ಸ್ವಿಚ್ ಅನ್ನು ಬ್ರಿಡ್ಜ್ ಕಡೆ ಹಾಕಿದಾಗ ಎರಡನೇ ನಾಬ್ ತಿರುಗಿಸಿದರೆ ನೆಕ್ ಪಿಕಪ್ ಸ್ವಲ್ಪ ಸ್ವಲ್ಪವಾಗಿ ಒಳಗೆ ಬರೋದು. ಸ್ವಿಚ್ ನಡುವೆ ಇದ್ದರೆ ನೆಕ್ ಪಿಕಪ್ ಒಂದೇ. ಮುಂದಕ್ಕೆ ಹಾಕಿದರೆ ಅದೇ ನೆಕ್ ಪಿಕಪ್, ಆದರೆ ಟ್ರೆಬಲ್ ಎಲ್ಲ ಸೋಸಿದ ಗಾಢ ಶಬ್ದ.

1952ರಲ್ಲಿ ಕಂಪನಿ ಈ ವೈರಿಂಗ್ ಬದಲಿಸಿತು. ಬ್ಲೆಂಡ್ ಹೋಗಿ ಅದರ ಜಾಗಕ್ಕೆ ಟೋನ್ ನಾಬ್ ಬಂತು. ವಿಚಿತ್ರ ಏನು ಗೊತ್ತಾ? ಆ ಹೊಸ ವೈರಿಂಗ್‌ನಲ್ಲಿ ಎರಡೂ ಪಿಕಪ್ ಒಟ್ಟಿಗೆ ನುಡಿಯುವ ಜಾಗ ಸ್ವಿಚ್‌ನಲ್ಲಿ ಎಲ್ಲೂ ಇರಲಿಲ್ಲ. ಸ್ವಿಚ್ ನಡುವೆ ಇಟ್ಟರೆ ಎರಡೂ ಒಟ್ಟಿಗೆ ಕೇಳುವ ಈಗಿನ ವ್ಯವಸ್ಥೆ 1967ರ ಹೊತ್ತಿಗೆ ಬಂದಿದ್ದು.

ಜನ ಸುಮ್ಮನಿರಲಿಲ್ಲ. ಫೆಂಡರ್ ಕಂಪನಿಯದೇ ಸ್ಟ್ರಾಟೊಕಾಸ್ಟರ್ 1954ರಲ್ಲಿ ಬಂತು. ಮೂರು ಪಿಕಪ್, ಆದರೆ ಸ್ವಿಚ್‌ಗೆ ಮೂರೇ ಜಾಗ. ಒಂದು ಸಲಕ್ಕೆ ಒಂದೇ ಪಿಕಪ್. ವಾದಕರು ಸ್ವಿಚ್ಚನ್ನು ಎರಡು ಜಾಗಗಳ ನಡುವೆ ಹುಷಾರಾಗಿ ನಿಲ್ಲಿಸಿ, ಎರಡು ಪಿಕಪ್ ಬೆರೆತ ಆ ಗಂಟೆಯಂಥ ಶಬ್ದ ಹುಡುಕಿಕೊಂಡರು. ಕಂಪನಿ ಐದು ಜಾಗಗಳ ಸ್ವಿಚ್ ಕೊಡೋ ಹೊತ್ತಿಗೆ 1977 ಆಗಿತ್ತು. ಬೆರೆತ ಶಬ್ದ ಬೇಕು ಅನ್ನೋ ಆಸೆ ಅಷ್ಟು ಗಟ್ಟಿ.

ಕಾಫಿ-ಚಿಕೋರಿ ಲೆಕ್ಕ

ಕಾಫಿಪುಡಿ ಅಂಗಡಿಯಲ್ಲಿ "80-20 ಕೊಡಿ" ಅಂತೀವಲ್ಲ, 80 ಪಾಲು ಕಾಫಿ, 20 ಪಾಲು ಚಿಕೋರಿ. ಬ್ಲೆಂಡ್ ನಾಬ್ ಮಾಡೋದು ಅದನ್ನೇ. ಬ್ರಿಡ್ಜ್ ಪಿಕಪ್ ಪೂರ್ತಿ ಇಟ್ಟು ನೆಕ್ ಪಿಕಪ್ ಒಂದು ಚಿಟಿಕೆ ಸೇರಿಸಿದರೆ, ಬ್ರಿಡ್ಜ್‌ನ ಸ್ಪಷ್ಟತೆ ಹಾಗೇ ಇದ್ದು ಬುಡಕ್ಕೆ ಸ್ವಲ್ಪ ಮೈ ಬರುತ್ತೆ. ಚುಚ್ಚುವ ಬ್ರಿಡ್ಜ್ ಪಿಕಪ್‌ಗೆ ನನಗೆ ಗೊತ್ತಿರೋ ಒಳ್ಳೆ ಮದ್ದು ಇದು. ಟೋನ್ ಇಳಿಸಿದರೆ ಮೇಲಿನದ್ದು ಕಳೆದುಹೋಗುತ್ತೆ. ಬ್ಲೆಂಡ್ ಮಾಡಿದರೆ ಕೆಳಗಿನದ್ದು ಬಂದು ಸೇರುತ್ತೆ. ಎರಡೂ ಬೇರೆ ಬೇರೆ ದಾರಿ.

[ಗಿಟಾರ್: ಬ್ರಿಡ್ಜ್ ಪಿಕಪ್ ಒಂದೇ, ಆಮೇಲೆ ನೆಕ್ ಪಿಕಪ್ ನಿಧಾನವಾಗಿ ಸೇರುತ್ತದೆ]

ಒಂದು ವಿಷಯದಲ್ಲಿ ಮಾತ್ರ ಕಾಫಿ ಹೋಲಿಕೆ ಕೈಕೊಡುತ್ತೆ. ಕಾಫಿ, ಚಿಕೋರಿ ಬೆರೆಸಿದರೆ ಎರಡೂ ಇರುತ್ತವೆ. ಎರಡು ಪಿಕಪ್ ಬೆರೆಸಿದಾಗ ಕೆಲವು ಕಂಪನಗಳು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಒಂದನ್ನೊಂದು ಅಳಿಸಿ ಹಾಕುತ್ತವೆ. ಉಯ್ಯಾಲೆಯನ್ನು ಇಬ್ಬರು ಒಂದೇ ತಾಳದಲ್ಲಿ ತಳ್ಳಿದರೆ ಮೇಲೆ ಹೋಗುತ್ತೆ. ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಒಂದೇ ಕ್ಷಣಕ್ಕೆ ತಳ್ಳಿದರೆ ನಿಂತುಬಿಡುತ್ತೆ. ಬೆರೆತ ಶಬ್ದದ ಆ ಟೊಳ್ಳು ಟೊಳ್ಳಾದ ಸೊಗಸು ಬರೋದು ಈ ಅಳಿಸುವಿಕೆಯಿಂದಲೇ.

ಇದು ಅತಿಯಾದರೆ ಏನಾಗುತ್ತೆ ಅನ್ನೋದಕ್ಕೆ ಪೀಟರ್ ಗ್ರೀನ್ ಅವರ ಗಿಬ್ಸನ್ ಲೆಸ್ ಪಾಲ್ ಪ್ರಸಿದ್ಧ ಉದಾಹರಣೆ. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಸ್ಥಾಪಕ ಗಿಟಾರ್ ವಾದಕ ಅವರು. ಆ ಗಿಟಾರ್‌ನ ನೆಕ್ ಪಿಕಪ್‌ನಲ್ಲಿ ಅಯಸ್ಕಾಂತ ಉಲ್ಟಾ ಕೂತಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಕೆಳಗಿನ ದಪ್ಪ ಶಬ್ದ ಬಹುಪಾಲು ಅಳಿಸಿಹೋಗಿ, ಮೂಗಿನಿಂದ ಹಾಡಿದಂಥ ನೋವಿನ ದನಿ ಉಳಿಯೋದು. ಆ "ದೋಷ"ವೇ ಗಿಟಾರ್‌ನ ಗುರುತಾಯ್ತು. ಮುಂದೆ ಅದು ಗ್ಯಾರಿ ಮೂರ್ ಕೈಗೆ, ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೈಗೆ ಬಂದಿದೆ.

ಹಾಗಂತ ನಿಮ್ಮ ಗಿಟಾರ್‌ನಲ್ಲಿ ಹೊಸ ಪಿಕಪ್ ಹಾಕಿಸಿದ ಮೇಲೆ ಎರಡೂ ಒಟ್ಟಿಗೆ ಹಾಕಿದಾಗ ಶಬ್ದ ಒಮ್ಮೆಲೇ ಸೊರಗಿದರೆ, ಅದು ವರ ಅಂತ ಸುಮ್ಮನಾಗಬೇಡಿ. ಬಹುಶಃ ಒಂದು ಪಿಕಪ್‌ನ ಎರಡು ವೈರ್‌ಗಳು ಅದಲು ಬದಲಾಗಿವೆ. ರಿಪೇರಿಯವರಿಗೆ ಹೇಳಿದ್ರೆ ಸರಿ ಮಾಡಿ ಕೊಡ್ತಾರೆ.

ಬೆರೆಸೋದರಿಂದ ಇನ್ನೊಂದು ಲಾಭ ಇದೆ. ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ ವಿದ್ಯುತ್ತಿನ "ಗುಂಯ್" ಶಬ್ದವನ್ನೂ ಹಿಡಿಯುತ್ತೆ. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಆ ಗುಂಯ್ ಕೂಡ 50 ಮತ್ತು ಅದರ ಗುಣಕಗಳಲ್ಲೇ ಇರುತ್ತೆ. ಇತ್ತೀಚಿನ ಅನೇಕ ಗಿಟಾರ್‌ಗಳಲ್ಲಿ ಒಂದು ಪಿಕಪ್‌ನ ಸುರುಳಿ ಮತ್ತು ಅಯಸ್ಕಾಂತ ಎರಡನ್ನೂ ತಿರುವುಮುರುವು ಮಾಡಿರ್ತಾರೆ. ಅಂಥ ಜೋಡಿಯನ್ನು ಸಮವಾಗಿ ಬೆರೆಸಿದಾಗ ತಂತಿಯ ಶಬ್ದ ಕೂಡುತ್ತೆ, ಗುಂಯ್ ಮಾತ್ರ ಕಳೆಯುತ್ತೆ. ಸಮ ಅನ್ನೋದು ಮುಖ್ಯ. ಒಂದು ಕಡೆ ವಾಲಿಸಿದಷ್ಟೂ ಗುಂಯ್ ವಾಪಸ್ ಬರುತ್ತೆ.

ನನ್ನ ಗಿಟಾರ್‌ನಲ್ಲಿ ಬ್ಲೆಂಡ್ ನಾಬ್ ಇಲ್ವಲ್ಲಾ?

ಇರಬಹುದು, ನಿಮಗೆ ಗೊತ್ತಿಲ್ಲದೆ.

ಲೆಸ್ ಪಾಲ್ ಮಾದರಿಯ ಗಿಟಾರ್ ಇದ್ದರೆ ಎರಡು ವಾಲ್ಯೂಮ್, ಎರಡು ಟೋನ್ ಇರುತ್ತವೆ. ಸ್ವಿಚ್ ನಡುವೆ ಇಡಿ. ಈಗ ಎರಡು ವಾಲ್ಯೂಮ್‌ಗಳೇ ನಿಮ್ಮ ಬ್ಲೆಂಡ್. ಎರಡನ್ನೂ 10ರಲ್ಲಿಟ್ಟು, ನೆಕ್‌ನದ್ದನ್ನು ಮಾತ್ರ 9, 8, 7 ಅಂತ ಇಳಿಸುತ್ತಾ ಬನ್ನಿ. ತುಂಬಾ ತಿರುಗಿಸೋದು ಬೇಡ, ಒಂದೊಂದು ಅಂಕಿಗೂ ಬಣ್ಣ ಬದಲಾಗುತ್ತೆ. ಒಂದು ಎಚ್ಚರಿಕೆ: ಇಂಥ ಗಿಟಾರ್‌ಗಳ ಮಾಮೂಲಿ ವೈರಿಂಗ್‌ನಲ್ಲಿ, ಸ್ವಿಚ್ ನಡುವೆ ಇದ್ದಾಗ ಯಾವುದಾದರೂ ಒಂದು ವಾಲ್ಯೂಮ್ 0 ಮಾಡಿದರೆ ಪೂರ್ತಿ ಗಿಟಾರೇ ಮೌನ. ಕೆಟ್ಟುಹೋಯ್ತು ಅಂತ ಗಾಬರಿ ಬೇಡ.

ಜಾಝ್ ಬಾಸ್ ಮಾದರಿಯ ಬಾಸ್ ಗಿಟಾರ್ ನುಡಿಸೋರಿಗೆ ಈ ಸೌಲಭ್ಯ 1960ರಿಂದಲೇ ಇದೆ, ಪ್ರತಿ ಪಿಕಪ್‌ಗೂ ಬೇರೆ ವಾಲ್ಯೂಮ್. ಎರಡೂ ಪೂರ್ತಿ ಇಟ್ಟರೆ ಗುಂಯ್ ಕಡಿಮೆ, ಮಧ್ಯದ ಶಬ್ದ ತುಸು ಒಳಗೆ ಹೋಗುತ್ತೆ. ಬ್ರಿಡ್ಜ್ ಕಡೆ ಸ್ವಲ್ಪ ವಾಲಿಸಿದರೆ ಅದೇ ಬಾಸ್ ಗೊಣಗುತ್ತಾ ಮುಂದೆ ಬರುತ್ತೆ.

ಸ್ಟ್ರಾಟ್ ಮಾದರಿ ಇದ್ದರೆ ಸ್ವಿಚ್‌ನ ಎರಡನೇ ಮತ್ತು ನಾಲ್ಕನೇ ಜಾಗ ಬಳಸಿ. ಅಲ್ಲಿ ಪ್ರಮಾಣ ಬದಲಿಸೋಕಾಗಲ್ಲ, ಬೆರೆತದ್ದು ಮಾತ್ರ ಸಿಗುತ್ತೆ. ಪ್ರಮಾಣವೂ ಕೈಯಲ್ಲಿರಬೇಕು ಅನ್ನೋರು ಎರಡು ಟೋನ್ ನಾಬ್‌ಗಳಲ್ಲಿ ಒಂದನ್ನು ಎಲ್ಲ ಪಿಕಪ್‌ಗೂ ಟೋನ್ ಮಾಡಿ, ಇನ್ನೊಂದನ್ನು ಬ್ಲೆಂಡ್ ಆಗಿ ಬದಲಿಸಿಕೊಳ್ತಾರೆ. ಬ್ರಿಡ್ಜ್ ಮತ್ತು ನೆಕ್ ಒಟ್ಟಿಗೆ ನುಡಿಯೋ ಜಾಗ ಸ್ಟ್ರಾಟ್‌ನ ಸ್ವಿಚ್‌ನಲ್ಲಿ ಇಲ್ಲ, ಈ ಬದಲಾವಣೆಯಿಂದ ಅದೂ ಸಿಗುತ್ತೆ. ಬೆಸುಗೆ ಕೆಲಸ ಚಿಕ್ಕದು, ತಿಳಿದವರ ಕೈಯಲ್ಲಿ ಮಾಡಿಸಿ.

ಟೆಲಿ ಮಾದರಿಯಲ್ಲಿ ಸ್ವಿಚ್ ನಡುವೆ ಇಟ್ಟರೆ ಸಮಪಾಲು. ಹಳೇ ಬ್ಲೆಂಡ್ ವೈರಿಂಗ್ ಬೇಕು ಅಂದ್ರೆ ಮಾಡಿಸಬಹುದು, ಆದ್ರೆ 1952ರ ಮುಂಚಿನ ಹಾಗೆಯೇ ಆಗ ಟೋನ್ ನಾಬ್ ಇರಲ್ಲ. ಒಂದು ಬೇಕಾದ್ರೆ ಇನ್ನೊಂದು ಬಿಡಬೇಕು.

ವಾಲ್ಯೂಮ್ ನಾಬ್‌ನ ಕಿತಾಪತಿ

ವಾಲ್ಯೂಮ್ ಇಳಿಸಿದಾಗ ಶಬ್ದ ಚಿಕ್ಕದಾಗೋದರ ಜೊತೆ ಮಂಕೂ ಆಗುತ್ತೆ, ಗಮನಿಸಿದ್ದೀರಾ? ಕಾರಣ ಕೇಬಲ್. ಕೇಬಲ್ ಕೂಡ ಒಂದು ಸಣ್ಣ ಕೆಪಾಸಿಟರ್ ಥರ ವರ್ತಿಸುತ್ತೆ. ಉದ್ದ ಹೆಚ್ಚಾದಷ್ಟೂ ಅದು ಹೆಚ್ಚು ಟ್ರೆಬಲ್ ನುಂಗುತ್ತೆ. ವಾಲ್ಯೂಮ್ ಇಳಿಸಿದಾಗ ಅದರ ಪರಿಣಾಮ ಎದ್ದು ಕಾಣುತ್ತೆ. ಹಾಗಾಗಿ ಮನೆಯಲ್ಲಿ ಆ್ಯಂಪ್ ಪಕ್ಕದಲ್ಲೇ ಕೂತು ನುಡಿಸುವಾಗ ಹತ್ತು ಮೀಟರ್ ಕೇಬಲ್ ಬೇಡ, ಮೂರು ಮೀಟರ್ ಸಾಕು. ಕೆಲವು ಗಿಟಾರ್‌ಗಳಲ್ಲಿ ಇದಕ್ಕೆಂದೇ ವಾಲ್ಯೂಮ್ ಪಾಟ್ ಮೇಲೆ ಒಂದು ಪುಟ್ಟ ಕೆಪಾಸಿಟರ್ ಹಾಕಿರ್ತಾರೆ, ಟ್ರೆಬಲ್ ಉಳಿಸೋಕೆ. ನಿಮ್ಮದರಲ್ಲಿ ಇಲ್ಲದಿದ್ದರೆ ಹಾಕಿಸಬಹುದು.

ಮನೆ ಬೇರೆ, ಬ್ಯಾಂಡ್ ಬೇರೆ

ಇಲ್ಲೇ ನೋಡಿ ತುಂಬಾ ಜನ ಎಡವೋದು. ಕೋಣೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ನೆಕ್ ಪಿಕಪ್, ಟೋನ್ 3, ಆಹಾ, ಬೆಣ್ಣೆ. ಅದೇ ಸೆಟ್ಟಿಂಗ್‌ನಲ್ಲಿ ಕಾಲೇಜ್ ಫೆಸ್ಟ್‌ಗೆ ಹೋದರೆ ಸೋಲೋ ಯಾರಿಗೂ ಕೇಳಿಸಲ್ಲ. ಕೆಳಗಿನ ಜಾಗ ಬಾಸ್ ಗಿಟಾರ್ ಮತ್ತು ಡ್ರಮ್ಸ್ ಹಿಡಿದುಕೊಂಡಿರ್ತವೆ. ನಿಮ್ಮ ದಪ್ಪ ಶಬ್ದ ಹೋಗಿ ಅದರಲ್ಲೇ ಮುಳುಗುತ್ತೆ. ಆಗ ಹುಡುಗರು ಮಾಡೋದು ಏನು? ವಾಲ್ಯೂಮ್ ಏರಿಸ್ತಾರೆ. ಡ್ರಮ್ಮರ್ ಇನ್ನೂ ಜೋರು ಹೊಡೀತಾನೆ. ಹಾಡುವವಳ ಗಂಟಲು ಹರಿಯುತ್ತೆ. ಕೊನೆಗೆ ಯಾರ ಶಬ್ದವೂ ಯಾರಿಗೂ ಕೇಳಲ್ಲ.

ವಾಲ್ಯೂಮ್ ಮುಟ್ಟದೆ ಟೋನ್ 3ರಿಂದ 7ಕ್ಕೆ ಏರಿಸಿ, ಇಲ್ಲಾ ಬ್ರಿಡ್ಜ್ ಪಿಕಪ್ ಸ್ವಲ್ಪ ಬೆರೆಸಿ. ಗಿಟಾರ್ ಮುಂದೆ ಬರುತ್ತೆ. ಹಾಡು ಶುರುವಾದಾಗ ಮತ್ತೆ ಇಳಿಸಿ. ಹಾಡುವವರ ಮಾತಿನ ಸ್ಪಷ್ಟತೆ ಇರೋದೂ ಅದೇ 2,000ದಿಂದ 5,000 ಹರ್ಟ್ಜ್ ಸುತ್ತಮುತ್ತ. ನೀವು ಅಲ್ಲಿಂದ ಪಕ್ಕಕ್ಕೆ ಸರಿದರೆ ಅವರ ಮಾತು ಕೇಳುತ್ತೆ. ನಾಬ್ ತಿರುಗಿಸೋದು ಅಂದ್ರೆ ಜೊತೆಯವರಿಗೆ ಜಾಗ ಬಿಡೋದು, ನಮ್ಮ ಸರದಿ ಬಂದಾಗ ಮುಂದೆ ಬರೋದು. ಕಛೇರಿಯಲ್ಲಿ ತನಿ ಆವರ್ತನ ಬರೋವರೆಗೂ ಮೃದಂಗದವರು ಹೇಗೆ ನುಡಿಸ್ತಾರೆ, ಬಂದ ಮೇಲೆ ಹೇಗೆ ನುಡಿಸ್ತಾರೆ, ಗಮನಿಸಿ. ಅದೇ ಶಿಸ್ತು ಇದು.

ಈ ವಾರದ ಕೆಲಸ

ಅರ್ಧ ಗಂಟೆ ಸಾಕು. ಫೋನ್ ರೆಕಾರ್ಡರ್ ಒಂದೇ ಜಾಗದಲ್ಲಿಡಿ.

ಒಂದು, ಗಿಟಾರ್ ಟೋನ್ 10ರಲ್ಲಿಟ್ಟು ಆ್ಯಂಪ್ ಸರಿಮಾಡೋದನ್ನು ಬಿಡಿ. ಗಿಟಾರ್‌ನ ವಾಲ್ಯೂಮ್ 8, ಟೋನ್ 6 ಅಥವಾ 7ರಲ್ಲಿಡಿ. ಆ್ಯಂಪ್‌ನ ಬಾಸ್, ಮಿಡ್, ಟ್ರೆಬಲ್ ಎಲ್ಲ ನಡುವೆ ಇಟ್ಟು ಶುರು ಮಾಡಿ. ಈಗ ಕಿವಿಗೆ ಹಿತವಾಗೋ ಹಾಗೆ ಆ್ಯಂಪ್ ಹೊಂದಿಸಿ. ಹೀಗೆ ಮಾಡಿದ್ರೆ ಗಿಟಾರ್‌ನಲ್ಲಿ ಮೇಲಕ್ಕೂ ಕೆಳಕ್ಕೂ ಜಾಗ ಉಳಿಯುತ್ತೆ. 10ರಿಂದ ಶುರು ಮಾಡಿದರೆ ಇಳಿಯೋಕೆ ಮಾತ್ರ ಆಗುತ್ತೆ.

ಎರಡು, ನಾಲ್ಕು ಸ್ವರಗಳ ಒಂದು ಸಾಲು ಆರಿಸಿಕೊಳ್ಳಿ. ಬ್ರಿಡ್ಜ್ ಪಿಕಪ್‌ನಲ್ಲಿ ಟೋನ್ 10, 7, 4, 2, 0, ಹೀಗೆ ಐದು ಸಲ ಅದನ್ನೇ ನುಡಿಸಿ ರೆಕಾರ್ಡ್ ಮಾಡಿ. ಪ್ರತಿ ಸಲವೂ ಅಂಕಿಯನ್ನು ಬಾಯಲ್ಲಿ ಹೇಳಿ.

ಮೂರು, ಎರಡೂ ಪಿಕಪ್ ಬೆರೆಸಿ. ಪ್ರಮಾಣ ಬದಲಿಸೋಕೆ ಆಗುವ ಗಿಟಾರ್ ಆದ್ರೆ ಸಮಪಾಲು, ಬ್ರಿಡ್ಜ್ ಜಾಸ್ತಿ, ನೆಕ್ ಜಾಸ್ತಿ, ಹೀಗೆ ಮೂರು ಸಲ.

ನಾಲ್ಕು, ಮಾರನೇ ದಿನ ಹೆಡ್‌ಫೋನ್‌ನಲ್ಲಿ ಕೇಳಿ. ನುಡಿಸುವಾಗ ಕೈ, ಕಣ್ಣು, ಉತ್ಸಾಹ ಎಲ್ಲ ಸೇರಿ ಕಿವಿಗೆ ಸುಳ್ಳು ಹೇಳ್ತವೆ. ಮಾರನೇ ದಿನದ ಕಿವಿ ಹೆಚ್ಚು ನಿಷ್ಠುರ. ಇಷ್ಟವಾದ ಮೂರು ಜಾಗಗಳನ್ನು ಗುರುತು ಹಾಕ್ಕೊಳ್ಳಿ: ಹಾಡಿನ ಹಿಂದೆ ನುಡಿಸೋಕೆ ಒಂದು, ಸೋಲೋಗೆ ಒಂದು, ಒಬ್ಬರೇ ಕೂತು ನುಡಿಸೋಕೆ ಒಂದು.

ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಒಳಗೆ ಧೂಳು ಸೇರಿದೆ ಅಂತ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತೆ. ಪಾಟ್‌ನ ಸಂದಿಗೆ ಸ್ವಲ್ಪ ಹೊಡೆದು ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿ. ಬೀಗಕ್ಕೆ ಹಾಕೋ ಎಣ್ಣೆ, ಕೊಬ್ಬರಿ ಎಣ್ಣೆ ಖಂಡಿತ ಬೇಡ. ಗಿಟಾರ್ ಬಿಚ್ಚೋ ಮೊದಲು ಕೇಬಲ್ ಕಿತ್ತಿಡಿ. ಆ್ಯಂಪ್ ಅನ್ನು ಮಾತ್ರ ಯಾವ ಕಾರಣಕ್ಕೂ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ, ಅದರಲ್ಲೂ ವಾಲ್ವ್ ಆ್ಯಂಪ್‌ನಲ್ಲಿ, ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ನಮ್ಮ ತಂಬೂರಿ ಹಿಡಿಯೋರನ್ನು ನೋಡಿ. ಶ್ರುತಿ ಸೇರಿದ ಮೇಲೂ ಕುದುರೆಯ ಮೇಲೆ ತಂತಿಯಡಿ ಇರೋ ಸಣ್ಣ ದಾರವನ್ನು ಅಕ್ಕಿಕಾಳಿನಷ್ಟು ಅತ್ತ, ಇತ್ತ ಸರಿಸುತ್ತಾ ಇರ್ತಾರೆ, ನಾದ ಅರಳೋ ಜಾಗ ಸಿಗೋವರೆಗೂ. ಆ ದಾರಕ್ಕೆ ಅಂಕಿಗಳಿಲ್ಲ, ಕಿವಿಯೇ ಅಳತೆ. ನಿಮ್ಮ ನಾಬ್ ಮೇಲೆ ಅಂಕಿ ಬರೆದಿದ್ದಾರೆ ಅನ್ನೋದೊಂದೇ ವ್ಯತ್ಯಾಸ.

ರೆಕಾರ್ಡ್ ಮಾಡಿದ ಮೇಲೆ ನಿಮ್ಮ ಮೂರು ಜಾಗ ಯಾವುವು ಅಂತ ನನಗೂ ಹೇಳಿ. ಗಿಟಾರ್ ಯಾವುದು, ಪಿಕಪ್ ಯಾವುದು, ಅಂಕಿ ಎಷ್ಟು, ಇಷ್ಟು ಬರೆದ್ರೆ ಸಾಕು. ಪೆಡಲ್ ತಗೊಳ್ಳಲಾ ಅಂತ ಕೇಳೋರು ಇದ್ದರೆ ಇದೆಲ್ಲ ಮಾಡಿದ ಮೇಲೆ ಕೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.